ರಾತ್ಕೋ ಚಿತ್ರದಲ್ಲಿ ರಾಜಕೀಯ ಎಲ್ಲಿದೆ?
ರಾತ್ಕೋ ಅಮೆರಿಕಾದ ಅಮೂರ್ತ ಚಿತ್ರಕಾರ. ನೀವು ರಾಜಕೀಯನ ಫ್ರೇಮ್ ಒಳಗೇ ಹುಡುಕ್ತಿದೀರ, ಅದಕ್ಕೇ "ಮಾರ್ಕ್ ರಾತ್ಕೋ ಚಿತ್ರದಲ್ಲಿ ಮೂರು ಬಣ್ಣದ ಪಟ್ಟಿ ಬಿಟ್ರೆ ಏನಿದೆ, ಕೋಲ್ಡ್ ವಾರ್‌ಗೂ (ಅಮೆರಿಕಾ-ಸೋವಿಯತ್ ಶೀತಲ ಸಮರ) ಇದಕ್ಕೂ ಏನ್ ಸಂಬಂಧ" ಅನ್ನಿಸಿರೋದು. ಜೊತೆಗೆ ಫೋನಲ್ಲಿ ನೋಡಿದ್ರೆ ಇವು ಪೇಂಟ್ ಅಂಗಡಿ ಶೇಡ್ ಕಾರ್ಡ್ ಥರಾನೇ ಕಾಣತ್ತೆ, ಆದ್ರೆ ಎಷ್ಟೋ ಚಿತ್ರ ಏಳೆಂಟು ಅಡಿ ಎತ್ತರ ಇವೆ.

ಮೊದ್ಲು ಒಳ್ಳೆ ಫೋಟೋ ತಗೊಂಡು ಎರಡು ಬಣ್ಣ ಸೇರೋ ಅಂಚನ್ನ ಝೂಮ್ ಮಾಡಿ. ಗೆರೆ ಇರಲ್ಲ, ತೆಳ್ಳಗೆ ಒಂದರ ಮೇಲೊಂದು ಬಳಿದಿರೋದ್ರಿಂದ ಕೆಳಗಿನ ಬಣ್ಣ ಹೊಗೆ ಥರ ಹೊರಗೆ ಬರ್ತಿರತ್ತೆ.

ಆಮೇಲೆ ಇಸವಿ ನೋಡಿ. ಈ ಶೈಲಿ ಗಟ್ಟಿಯಾಗಿದ್ದು 1949-50ರ ಹೊತ್ತಿಗೆ, ಆತ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ 1913ರಲ್ಲಿ ಅಮೆರಿಕಾಗೆ ಬಂದ ಯಹೂದಿ, ಎರಡನೇ ಮಹಾಯುದ್ಧ ಮುಗಿದು ನಾಲ್ಕೈದು ವರ್ಷ ಆಗಿದೆ ಅಷ್ಟೇ, ಮನುಷ್ಯನ ಆಕೃತಿ ಯಾಕೆ ಬಿಟ್ಟ ಅನ್ನೋದಕ್ಕೆ ಅಲ್ಲೊಂದು ಸುಳಿವು ಸಿಗಬಹುದು (ನನ್ನ ಊಹೆ).

ಕೊನೇದಾಗಿ ಚಿತ್ರ ಎಲ್ಲಿಗೆ ಹೋಯ್ತು, ಯಾರು ಕಳಿಸಿದ್ರು ನೋಡಿ, ಅಸಲಿ ರಾಜಕೀಯ ಇಲ್ಲೇ ಇರೋದು. ಸೋವಿಯತ್ ಕಡೆ ಸೋಷಲಿಸ್ಟ್ ರಿಯಲಿಸಂ (ಕಾರ್ಮಿಕರನ್ನ, ನಾಯಕರನ್ನ ಹೊಗಳೋ ಸರ್ಕಾರಿ ಶೈಲಿ) ಬಿಟ್ಟು ಬೇರೇದಕ್ಕೆ ಜಾಗ ಇರ್ಲಿಲ್ಲ, ತಮಾಷೆ ಅಂದ್ರೆ ಅಮೆರಿಕಾದಲ್ಲೂ ಡಾಂಡೆರೋ ಅನ್ನೋ ಸಂಸದ 1949ರಲ್ಲಿ ಮಾಡರ್ನ್ ಆರ್ಟೇ ಕಮ್ಯುನಿಸ್ಟರ ಅಸ್ತ್ರ ಅಂತ ಕೂಗಾಡಿದ್ದ. ಹತ್ತು ವರ್ಷ ಕಳೆಯೋದ್ರೊಳಗೆ, 1958-59ರಲ್ಲಿ, ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ ರಾತ್ಕೋನೂ ಸೇರಿಸಿ ಅದೇ ಕಲೆನ ಯುರೋಪಿನ 8 ನಗರಗಳಲ್ಲಿ ಮೆರೆಸ್ತು. ಅಮೆರಿಕಾದ ಗುಪ್ತಚರ ಸಂಸ್ಥೆ ಸಿಐಎ ಸಾಂಸ್ಕೃತಿಕ ಸಂಸ್ಥೆಗಳಿಗೆ ಗುಟ್ಟಾಗಿ ದುಡ್ಡು ಕೊಡ್ತಿದ್ದಿದ್ದು ನಿಜ, ಅದ್ರಿಂದ ಈ ಚಿತ್ರಗಳಿಗೆ ಎಷ್ಟು ಲಾಭ ಆಯ್ತು ಅನ್ನೋದ್ರಲ್ಲಿ ಇತಿಹಾಸಕಾರರಲ್ಲೇ ಜಗಳ ಇದೆ, ಹಾಗಾಗಿ "ಎಲ್ಲಾ ಸಿಐಎ ಆಟ" ಅನ್ನೋ ಥರದ ವಿಡಿಯೋಗಳನ್ನ ಪೂರ್ತಿ ನಂಬ್ಬೇಡಿ.

ಪ್ರಾಕ್ಟೀಸ್‌ಗೆ ಸೀಗ್ರಾಮ್ ಮ್ಯೂರಲ್ಸ್ ಅನ್ನೋ ಚಿತ್ರಸರಣಿ ತಗೊಳ್ಳಿ, ರಾತ್ಕೋ 1958ರಲ್ಲಿ ಶ್ರೀಮಂತರ ರೆಸ್ಟೋರೆಂಟಿಗೆ ಅಂತ ಒಪ್ಪಿ ಬರೆದು, ಆಮೇಲೆ ಕೊಡಲ್ಲ ಅಂದಿದ್ದು. ಕೆಲವು ಈಗ ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿವೆ, ಅದರ ಸೈಟಲ್ಲೇ ಸಿಗತ್ತೆ.