ಟಪಾಲು ಡಬ್ಬಿಯ ಮೇಲೆ ಇಲ್ಲದ ಹೆಸರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ಓದಿನ ವಿಷಯ ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

"ವಾಪಸ್ ಬಂದ್ಬಿಡ್ಲಾ ಮೇಡಂ?" ಮೊದಲ ಆನ್‌ಲೈನ್ ಭೇಟಿಯಲ್ಲಿ ಆಕೆ ಆಡಿದ ಮೊದಲ ಮಾತು ಇದು. ವಯಸ್ಸು 23, ಮಲೆನಾಡಿನ ಕಡೆಯವಳು. ಪೂರ್ವ ಜರ್ಮನಿಯ ಸ್ಯಾಕ್ಸನಿಯ ಒಂದು ಊರಿನಲ್ಲಿ ಎಂ.ಎಸ್ಸಿ. ಸೇರಿದ್ದಾಳೆ. ಅಕ್ಟೋಬರ್ 2ರಂದು ಇಳಿದವಳು ನಮ್ಮ ಜೊತೆ ಮಾತಾಡಿದ್ದು 28ರಂದು. ಅದಕ್ಕೆ ಎರಡು ದಿನ ಮುಂಚೆ ಅಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ಸಂಜೆ ಐದಾಗುವ ಮುಂಚೆಯೇ ಸೂರ್ಯಾಸ್ತ. ವಿಡಿಯೊದಲ್ಲಿ ಕಂಡದ್ದು ಒಂದು ಬಿಳಿ ಗೋಡೆ, ಮಂಚದ ತುದಿ, ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್. ಹೀಟರ್ ಯಾಕೆ ಹಾಕಿಲ್ಲ ಅಂತ ಕೇಳಿದರೆ, "ಬಿಲ್ ಬರುತ್ತಲ್ಲ" ಎಂದಳು. ಅವಳ ಬಾಡಿಗೆಯಲ್ಲಿ ಹೀಟರ್ ಖರ್ಚೂ ಸೇರಿತ್ತು. ಕರಾರುಪತ್ರ ಜರ್ಮನ್‌ನಲ್ಲಿದ್ದರಿಂದ ಅವಳಿಗದು ಗೊತ್ತಿರಲಿಲ್ಲ.

ದೂರುಗಳು ಹೀಗಿದ್ದವು: ನಿದ್ದೆ ಇಲ್ಲ, ಹಸಿವಿಲ್ಲ, ತರಗತಿಗೆ ಹೋಗಲು ಕಾಲು ಬರುತ್ತಿಲ್ಲ, ಕಾರಣವಿಲ್ಲದೆ ಅಳು. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 14 ಅಂಕ, ಅಂದರೆ ಮಧ್ಯಮ ಪ್ರಮಾಣದ ಖಿನ್ನತೆಯ ಸಾಲಿಗೆ ಬರುವಷ್ಟು. ಆದರೆ ಆ ಒಂಬತ್ತು ಪ್ರಶ್ನೆಗಳಲ್ಲಿ ನಿದ್ದೆ, ಊಟ, ಸುಸ್ತು, ಗಮನ, ಈ ನಾಲ್ಕಕ್ಕೂ ಹಗಲು-ರಾತ್ರಿ ತಲೆಕೆಳಗಾದವರು, ಅರೆಹೊಟ್ಟೆಯಲ್ಲಿರುವವರು ಯಾರೇ ಆದರೂ ಹೆಚ್ಚು ಅಂಕ ಕೊಡುತ್ತಾರೆ. ಅಂಕ ನೋಡಿ ಹೆಸರಿಡುವ ಮುನ್ನ ದಿನಚರಿ ನೋಡಬೇಕು.

ಅದಕ್ಕೂ ಮುನ್ನ ಒಂದು ಪ್ರಶ್ನೆ ನೇರವಾಗಿ ಕೇಳಲೇಬೇಕಿತ್ತು: ಸಾಯಬೇಕು ಅನ್ನಿಸಿದೆಯಾ? "ಸಾಯೋದು ಅಂತಲ್ಲ, ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ." ಯೋಜನೆ ಇಲ್ಲ, ಹಿಂದೆ ಪ್ರಯತ್ನ ಮಾಡಿದ್ದಿಲ್ಲ. ಹಾಗಂತ ಇದನ್ನು ಹಗುರವಾಗಿ ಬಿಡುವಂತಿಲ್ಲ. ಅವಳ ಫೋನಿನಲ್ಲಿ ನಮ್ಮೆದುರೇ ಮೂರು ಸಂಖ್ಯೆ ಉಳಿಸಿಕೊಳ್ಳಲು ಹೇಳಿದೆವು: ತುರ್ತಿಗೆ 112, ದಿನದ 24 ಗಂಟೆಯೂ ಉಚಿತವಾಗಿ ಸಿಗುವ, ಮನಸ್ಸಿನ ಸಂಕಟ ಹೇಳಿಕೊಳ್ಳಲು ಇರುವ ಟೆಲಿಫೋನ್‌ಝೇಲ್‌ಝೋರ್ಗೆ ಸಹಾಯವಾಣಿ 0800 1110111, ಆಸ್ಪತ್ರೆಗೆ ಹೋಗುವಷ್ಟಲ್ಲದ ಕಾಯಿಲೆಗೆ, ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ, 116117. ಜೊತೆಗೆ ಅದೇ ಊರಿನ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಸ್ಟುಡಿಯೆರೆಂಡನ್‌ವೆರ್ಕ್‌ನ ಉಚಿತ ಆಪ್ತಸಲಹೆಗೆ ಇಮೇಲ್ ಬರೆಸಿದೆವು. ಬೆಂಗಳೂರಿನಲ್ಲಿ ಕೂತು ಸಲಹೆ ಕೊಡುವವರು ರಾತ್ರಿ ಎರಡಕ್ಕೆ ಅವಳ ಬಾಗಿಲು ತಟ್ಟಲಾಗದು. ಅಲ್ಲೇ ಒಬ್ಬರು ಇರಬೇಕು.

ಮುಂದಿನ ಮುಕ್ಕಾಲು ಗಂಟೆ ಲೆಕ್ಕಕ್ಕೆ ಹೋಯಿತು. ತಂದಿದ್ದು 1,450 ಯೂರೋ. ಮುಂಗಡ 520, ಅಕ್ಟೋಬರ್ ಬಾಡಿಗೆ 340, ಹಾಸಿಗೆ-ಹೊದಿಕೆ-ಪಾತ್ರೆ 110. ಉಳಿದ 480ರಲ್ಲಿ 26 ದಿನಕ್ಕೆ ಸಿಮ್ ಕಾರ್ಡ್, ಊಟ, ಎಲ್ಲ ಸೇರಿ 120 ಖರ್ಚು. ಕೈಯಲ್ಲಿರುವುದು 360. ನವೆಂಬರ್ ಬಾಡಿಗೆ ತಿಂಗಳ ಮೂರನೇ ಕೆಲಸದ ದಿನದೊಳಗೆ ಕಟ್ಟಬೇಕು. ಕಟ್ಟಿದರೆ ಉಳಿಯುವುದು 20 ಯೂರೋ. ಇತ್ತ ವೀಸಾಕ್ಕಾಗಿ ಮುಂಚೆಯೇ ಹಣ ಕಟ್ಟಿಟ್ಟ ಬ್ಲಾಕ್ಡ್ ಅಕೌಂಟ್‌ನಲ್ಲಿ ಅವಳದೇ 11,904 ಯೂರೋ ಬೀಗ ಹಾಕಿಕೊಂಡು ಕೂತಿದೆ. ತಿಂಗಳಿಗೆ 992ರಂತೆ ಬಿಡುಗಡೆಯಾಗಬೇಕಾದ ಹಣ ಅದು, ತೋಟ ಅಡವಿಟ್ಟು ಅಪ್ಪ ತಂದ ಸಾಲ. ಮನೆಗೆ ಹೇಳಿದ್ದೀಯಾ ಎಂದರೆ, "ಎಲ್ಲಾ ಚೆನ್ನಾಗಿದೆ ಅಂದಿದೀನಿ."

ಹಣ ಯಾಕೆ ಬಿಡುಗಡೆಯಾಗಿಲ್ಲ? ಬ್ಯಾಂಕ್ ಖಾತೆ "ಇನ್ನೂ ಆಗಿಲ್ಲ." ಯಾಕೆ ಆಗಿಲ್ಲ? ಕಾರ್ಡ್ ಮತ್ತು ಪಿನ್ ಟಪಾಲಿನಲ್ಲಿ ಬರಬೇಕು, ಬಂದಿಲ್ಲ. ವಿಮೆಯ ಕಾರ್ಡೂ ಬಂದಿಲ್ಲ, ತೆರಿಗೆ ಸಂಖ್ಯೆಯ ಪತ್ರವೂ ಬಂದಿಲ್ಲ. ಒಂದು ಪತ್ರ ಬಾರದಿದ್ದರೆ ಅಂಚೆಯ ತಪ್ಪಿರಬಹುದು. ಒಂದೂ ಬಂದಿಲ್ಲವೆಂದರೆ ಡಬ್ಬಿಯನ್ನೇ ನೋಡಬೇಕು. ಫೋನ್ ಹಿಡಿದು ಕೆಳಗೆ ಹೋಗಿ ತೋರಿಸು ಎಂದೆವು. ಮೆಟ್ಟಿಲ ಬುಡದಲ್ಲಿ ಹತ್ತು ಡಬ್ಬಿಗಳ ಸಾಲು, ಪ್ರತಿಯೊಂದರ ಮೇಲೂ ಬೆರಳುದ್ದದ ಹೆಸರುಪಟ್ಟಿ. ಅವಳ ಮನೆಯ ಡಬ್ಬಿಯ ಮೇಲೆ ಮೂಲ ಬಾಡಿಗೆದಾರನ ಹೆಸರೊಂದೇ. ಇವಳು ಅವನ ಮನೆಯಲ್ಲಿ ಒಂದು ಕೋಣೆ ಒಳಬಾಡಿಗೆಗೆ ಹಿಡಿದವಳು.

ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಹೆಸರು, ಅಷ್ಟೇ. ನಮ್ಮ ಪೋಸ್ಟ್‌ಮ್ಯಾನ್‌ನಂತೆ ಎದುರುಮನೆಯವರನ್ನು ಕೇಳಿಕೊಂಡು ಹುಡುಕಿ ಕೊಡುವ ರೂಢಿ ಇಲ್ಲ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ಕಳಿಸಿದವರಿಗೇ ವಾಪಸ್. ಮೂರು ವಾರದಿಂದ ಅವಳ ಪತ್ರಗಳೆಲ್ಲ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದವು.

ಹೆಸರು ಅಂಟಿಸಬೇಕೆಂದು ಸೀನಿಯರ್ ಒಬ್ಬರು ಹೇಳಿದ್ದರಂತೆ. "ಇನ್ನೊಬ್ರ ಡಬ್ಬಿ ಮೇಲೆ ನನ್ ಹೆಸ್ರು ಹೆಂಗ್ ಅಂಟಿಸ್ಲಿ?" ಅನ್ನುವ ಸಂಕೋಚ. ಜೊತೆಗೆ ನಮ್ಮ ಕಡೆಯವರಿಗಷ್ಟೇ ಬರುವ ಇನ್ನೊಂದು ತೊಡಕು ಇದೆ. ಊರಲ್ಲಿ ಅವಳಿಗೆ ಇನಿಷಿಯಲ್ ಇದೆ, ಮನೆತನದ ಹೆಸರಿಲ್ಲ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಹೋಗಿದೆ. ಹಾಗಾಗಿ ಪತ್ರಗಳು ಬರುವುದು ಶ್ರೀಮತಿ-ಅಪ್ಪನ-ಹೆಸರು ಎಂಬ ವಿಚಿತ್ರ ವ್ಯಕ್ತಿಗೆ. ತನ್ನ ಕರೆಯುವ ಹೆಸರಷ್ಟೇ ಅಂಟಿಸಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಪಾಸ್‌ಪೋರ್ಟ್‌ನಲ್ಲಿರುವಂತೆ ಎರಡೂ ಹೆಸರು, ಅದೇ ಸ್ಪೆಲ್ಲಿಂಗ್‌ನಲ್ಲಿ, ದೊಡ್ಡಕ್ಷರದಲ್ಲಿ ಇರಬೇಕು. ಬಾಗಿಲ ಕರೆಗಂಟೆಯ ಪಕ್ಕಕ್ಕೂ ಒಂದು, ಪಾರ್ಸೆಲ್ ತರುವವರು ನೋಡುವುದು ಅದನ್ನೇ.

ಮೊದಲ 48 ಗಂಟೆಗೆ ಮೂರೇ ಕೆಲಸ ಕೊಟ್ಟೆವು. ಮನಸ್ಸು ಕುಸಿದವರಿಗೆ ಹತ್ತು ಕೆಲಸದ ಪಟ್ಟಿ ಕೊಟ್ಟರೆ ಹನ್ನೊಂದನೆಯದಾಗಿ ಅಪರಾಧಿಭಾವ ಸೇರಿಕೊಳ್ಳುತ್ತದೆ.

ಒಂದು, ಮೂಲ ಬಾಡಿಗೆದಾರನಿಗೆ ಎರಡು ಸಾಲಿನ ಸಂದೇಶ ಕಳಿಸಿ ಅನುಮತಿ ಕೇಳಿ, ಹೆಸರು ಅಂಟಿಸುವುದು. ಸಂದೇಶವನ್ನು ಭೇಟಿಯ ನಡುವೆಯೇ ಬರೆಸಿದೆವು. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು: ಖಂಡಿತ, ಇದನ್ನು ಕೇಳಬೇಕೇ?

ಎರಡು, ಮರುದಿನ ಬೆಳಿಗ್ಗೆ ಪಾಸ್‌ಪೋರ್ಟ್, ವಿಳಾಸ ನೋಂದಣಿಯ ಚೀಟಿ ಹಿಡಿದು ಬ್ಯಾಂಕ್ ಶಾಖೆಗೆ ಹೋಗುವುದು. ಇಲ್ಲೊಂದು ತಪ್ಪು ತಿಳಿವಳಿಕೆ ಇತ್ತು. ಕಾರ್ಡ್ ಬರುವವರೆಗೆ ಖಾತೆ ಇಲ್ಲವೆಂದು ಅವಳು ನಂಬಿದ್ದಳು. ಬ್ಲಾಕ್ಡ್ ಅಕೌಂಟ್‌ನವರಿಗೆ ಬೇಕಾದದ್ದು ಕಾರ್ಡ್ ಅಲ್ಲ, ಅವಳ ಹೆಸರಿನ ಖಾತೆಯ ಐಬಿಎಎನ್ (ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ) ಮತ್ತು ಕೆಲವು ದಾಖಲೆ. ಆ ಸಂಖ್ಯೆ ಖಾತೆ ತೆರೆದ ದಿನವೇ ಕೊಟ್ಟ ಕಾಗದದ ಮೇಲ್ತುದಿಯಲ್ಲಿ ಅಚ್ಚಾಗಿತ್ತು. ವಾಪಸಾದ ಕಾರ್ಡ್ ಮತ್ತೆ ಕಳಿಸಲು ಹೇಳಿ, ಐಬಿಎಎನ್ ಅನ್ನು ಬ್ಲಾಕ್ಡ್ ಅಕೌಂಟ್‌ನ ಪೋರ್ಟಲ್‌ಗೆ ಹಾಕಬೇಕು. ಕಾರ್ಡ್ ಬರುವ ಮುಂಚೆ ಹಣ ಬಿದ್ದರೆ ಪಾಸ್‌ಪೋರ್ಟ್ ತೋರಿಸಿ ಕೌಂಟರ್‌ನಲ್ಲಿ ತೆಗೆಯಲು ಆಗುತ್ತದೆಯೇ ಎಂದು ಅಲ್ಲೇ ಕೇಳಿಕೊಳ್ಳಬೇಕು.

ಮೂರು, ದಿನಕ್ಕೊಮ್ಮೆ ಬಿಸಿ ಊಟ. ಮೆನ್ಸಾ ಎನ್ನುವ ವಿದ್ಯಾರ್ಥಿ ಕ್ಯಾಂಟೀನ್‌ನಲ್ಲಾದರೂ ಸರಿ.

ಊಟದ ವಿಷಯಕ್ಕೆ ಬಂದರೆ, ಅವಳು ತಿನ್ನುತ್ತಿದ್ದದ್ದು ಬ್ರೆಡ್ಡು, ಬಾಳೆಹಣ್ಣು, ಮೊಸರು. ಕಾರಣ ಬರೀ ದುಡ್ಡಲ್ಲ. ಬಂದ ನಾಲ್ಕನೇ ದಿನ ಒಗ್ಗರಣೆ ಹಾಕಲು ಹೋಗಿದ್ದಾಳೆ. ಅಲ್ಲಿನ ವಿದ್ಯುತ್ ಒಲೆಯ ತಟ್ಟೆ ಕಾಯುವುದೂ ನಿಧಾನ, ಆರುವುದೂ ನಿಧಾನ. ಸಾಸಿವೆ ಸಿಡಿಯಲಿಲ್ಲವೆಂದು ಉರಿಯನ್ನು 9ಕ್ಕೆ ಏರಿಸಿದ್ದಾಳೆ. ಸಿಡಿದ ಕೂಡಲೇ ಬಂದ್ ಮಾಡಿದರೂ ಕಾವು ಇಳಿದಿಲ್ಲ, ಮೆಣಸಿನಕಾಯಿ ಕರಕಾಗಿದೆ, ಚಾವಣಿಯ ಹೊಗೆ ಅಲಾರಂ ಕಿರುಚಿದೆ. ಪಕ್ಕದ ಕೋಣೆಯ ಇಬ್ಬರು ಕೆಮ್ಮುತ್ತಾ ಹೊರಬಂದಿದ್ದಾರೆ. ಯಾರೂ ಬೈಯಲಿಲ್ಲ. ಆದರೂ ಅವತ್ತಿನಿಂದ ಅಡುಗೆಮನೆಗೆ ಕಾಲಿಟ್ಟಿಲ್ಲ. ಹೇಳುವಾಗ ಅವಳ ಮುಖದಲ್ಲಿದ್ದ ನಾಚಿಕೆ, ಹಣದ ವಿಷಯ ಹೇಳುವಾಗ ಇದ್ದದ್ದಕ್ಕಿಂತ ಹೆಚ್ಚು.

ಉಪಾಯ ಸುಲಭ. ಕಿಟಕಿ ಮೊದಲು ತೆರೆಯಬೇಕು, ಒಲೆಯ ಮೇಲಿನ ಫ್ಯಾನ್ ಹಾಕಬೇಕು, ಉರಿ 9ರಲ್ಲಿ 6ಕ್ಕೆ ಇಟ್ಟು ಮೂರ್ನಾಲ್ಕು ನಿಮಿಷ ಕಾಯಬೇಕು, ಸಾಸಿವೆ ಚಟಪಟ ಅಂದ ತಕ್ಷಣ ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಬೇಕು. ಮೆಣಸಿನಕಾಯಿ, ಕರಿಬೇವು ಆಮೇಲೆ, ಆ ಕಾವಿಗೇ ಸಾಕು. ಕುಕ್ಕರ್ ಇಲ್ಲದಿದ್ದರೆ ತೊಗರಿಬೇಳೆಗೆ ಹೋಗಬಾರದು. ಅಲ್ಲಿನ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುವ ಕೆಂಪು ಮಸೂರ ತೆರೆದ ಪಾತ್ರೆಯಲ್ಲೇ 15-20 ನಿಮಿಷಕ್ಕೆ ಬೇಯುತ್ತದೆ. ಒಂದು ಲೋಟ ಬೇಳೆಗೆ ಮೂರು ಲೋಟ ನೀರು, ನೊರೆ ಉಕ್ಕದಂತೆ ಮುಚ್ಚಳ ಓರೆ. ಮನೆಯಿಂದ ತಂದ ಸಾರಿನ ಪುಡಿ ಸೂಟ್‌ಕೇಸಿನಲ್ಲಿ ಹಾಗೇ ಇತ್ತು! ಇನ್ನೊಂದು ನಿಯಮ: ಹಣ ಕೈಗೆ ಬಂದ ಮೇಲೆ ಮೂರು ತಿಂಗಳು ತರಕಾರಿ ಬೆಲೆಯನ್ನು ರೂಪಾಯಿಗೆ ಬದಲಿಸಿ ನೋಡುವಂತಿಲ್ಲ. ವಾರಕ್ಕೆ 45 ಯೂರೋ ಊಟಕ್ಕೆಂದು ಬೇರೆ ಇಟ್ಟುಬಿಡಬೇಕು. ಹೂಕೋಸನ್ನು ನೂರರಿಂದ ಗುಣಿಸುತ್ತಾ ಕೂತರೆ ಯಾರೂ ಹೂಕೋಸು ತಿನ್ನುವುದಿಲ್ಲ.

ನಿದ್ದೆಯ ಗಂಟು ಬೇರೆ ಕಡೆ ಇತ್ತು. ಅಮ್ಮ ಊರಲ್ಲಿ ಐದೂವರೆಗೆ ಏಳುತ್ತಾರೆ. ಆಗ ಇವಳಿಗೆ ರಾತ್ರಿ ಎರಡು, ಗಡಿಯಾರ ಬದಲಾದ ಮೇಲೆ ಒಂದು. ಅಲ್ಲಿಯವರೆಗೆ ಎಚ್ಚರವಿದ್ದು, ಆಮೇಲೆ ಅಮ್ಮ ಬಾಗಿಲಿಗೆ ನೀರು ಹಾಕಿ ತಿಂಡಿ ಮಾಡುವವರೆಗೂ ವಿಡಿಯೊ. ಮಾತೇನೂ ಇರುವುದಿಲ್ಲ. ಫೋನನ್ನು ಮೆಣಸಿನ ಡಬ್ಬಕ್ಕೆ ಒರಗಿಸಿ ಅಮ್ಮ ದೋಸೆ ಹುಯ್ಯುತ್ತಾರೆ, ಇವಳು ನೋಡುತ್ತಾಳೆ. ಮಲಗುವುದು ನಾಲ್ಕಕ್ಕೆ, ಏಳುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಷ್ಟರಲ್ಲಿ ತರಗತಿ ಮುಗಿದಿರುತ್ತದೆ, ಎಷ್ಟೋ ಕಚೇರಿಗಳ ಕೆಲಸದ ವೇಳೆಯೂ ಮುಗಿದಿರುತ್ತದೆ, ಉಳಿಯುವುದು ನಾಲ್ಕೈದು ಗಂಟೆಯ ಬೆಳಕು.

ಇಂಥ ಕಡೆ "ಮನೆಗೆ ಫೋನ್ ಕಡಿಮೆ ಮಾಡು" ಎನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ನಮಗದು ಒಪ್ಪಿಗೆಯಿಲ್ಲ. ಅವಳ ದಿನದಲ್ಲಿ ಬೆಚ್ಚಗಿದ್ದದ್ದು ಅದೊಂದೇ. ಕರೆ ಇರಲಿ, ಹೊತ್ತು ಬದಲಾಗಲಿ: ಬೆಳಿಗ್ಗೆ 7.30ಕ್ಕೆ ಹದಿನೈದು ನಿಮಿಷ (ಊರಲ್ಲಿ 12, ಅಮ್ಮ ಅಡುಗೆಗೆ ನಿಲ್ಲುವ ಹೊತ್ತು), ಸಂಜೆ 4.30ಕ್ಕೆ ಅರ್ಧ ಗಂಟೆ (ಊರಲ್ಲಿ ರಾತ್ರಿ 9). ಬೆಳಗಿನ ಕರೆಯೇ ಅಲಾರಂ, ಮಾಡುವುದು ಅಮ್ಮ. ಮಲಗುವ ಹೊತ್ತನ್ನು ಹಿಂದಕ್ಕೆ ಎಳೆಯಲು ಹೋಗಬಾರದು, ಅದು ಕೈಗೆ ಸಿಗುವುದಿಲ್ಲ. ಏಳುವ ಹೊತ್ತನ್ನು ಕಟ್ಟಿಹಾಕಿದರೆ ನಿದ್ದೆ ನಿಧಾನವಾಗಿ ತಾನೇ ಹಿಂದೆ ಸರಿಯುತ್ತದೆ. ಎದ್ದ ಮೇಲೆ ಮೋಡವಿದ್ದರೂ ಅರ್ಧ ಗಂಟೆ ಹೊರಗೆ ನಡಿಗೆ, ಮಧ್ಯಾಹ್ನ ಎರಡರ ಮೇಲೆ ಕಾಫಿ ಇಲ್ಲ.

ಎರಡನೇ ಭೇಟಿಗೆ ಅವಳ ಒಪ್ಪಿಗೆಯ ಮೇರೆಗೆ ಅಮ್ಮನನ್ನೂ ಸೇರಿಸಿದೆವು. ಹಣದ ವಿಷಯ ಅವಳೇ ಹೇಳಿದಳು. ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮ, "ಅದಕ್ಕೇ ದಿನಾ ಗೋಡೆ ಮಾತ್ರ ತೋರಿಸ್ತಿದ್ಯಾ?" ಎಂದರು. ಅವರಿಗೆ ನಾವು ಕೇಳಿಕೊಂಡದ್ದು ಇಷ್ಟೇ: "ಊಟ ಆಯ್ತಾ" ಎನ್ನುವ ಬದಲು "ಏನು ಅಡುಗೆ ಮಾಡ್ದೆ" ಎಂದು ಕೇಳಿ. ಮೊದಲನೆಯದಕ್ಕೆ ಹೂಂ ಅಂದರೆ ಮುಗಿಯಿತು. ಎರಡನೆಯದಕ್ಕೆ ಸುಳ್ಳು ಹೇಳಲು ತಲೆ ಓಡಿಸಬೇಕಾಗುತ್ತದೆ.

ಓದಿನ ಭಯ ಬೇಗ ಕರಗಿತು. ನಮ್ಮ ಕಾಲೇಜುಗಳ ಅಟೆಂಡೆನ್ಸ್ ಶಾರ್ಟೇಜ್ ಭೂತವನ್ನು ಅವಳು ಜೊತೆಗೇ ಕರೆದೊಯ್ದಿದ್ದಳು. ಅಲ್ಲಿ ಹೆಚ್ಚಿನ ಲೆಕ್ಚರ್‌ಗಳಿಗೆ ಹಾಜರಿ ಹಿಡಿಯುವುದಿಲ್ಲ. ಲ್ಯಾಬ್‌ಗಳನ್ನು, ಅದರ ಸುರಕ್ಷತಾ ತರಗತಿಯನ್ನು ಮಾತ್ರ ತಪ್ಪಿಸಬಾರದು, ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನ ಮರೆಯಬಾರದು. ಅಂಕದಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು.

"ವಾಪಸ್ ಬರಲಾ" ಎಂಬ ಪ್ರಶ್ನೆಗೆ ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಸಿವು, ನಿದ್ದೆಗೇಡು ಎರಡೂ ಇರುವಾಗ ತೀರ್ಮಾನ ಮಾಡುವಂತಿಲ್ಲ; ಡಿಸೆಂಬರ್ 15ಕ್ಕೆ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳೋಣ ಎಂದು ದಿನಾಂಕ ಗೊತ್ತುಮಾಡಿದೆವು. ದಿನಾಂಕವಿದ್ದರೆ ಪ್ರಶ್ನೆ ರಾತ್ರಿಯಿಡೀ ಕಾಡುವುದಿಲ್ಲ.

ಎಲ್ಲವೂ ಸಲೀಸಾಗಲಿಲ್ಲ. ನವೆಂಬರ್‌ನ ಎರಡನೇ ಭಾನುವಾರ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬೀದಿ ಖಾಲಿ, ಮನೆಯಲ್ಲಿ ಅಕ್ಕಿಯೂ ಮುಗಿದಿತ್ತು. ಹೊಸಬರು ಜಾರಿ ಬೀಳುವುದು ಸಾಮಾನ್ಯವಾಗಿ ಈ ದಿನವೇ. ಶನಿವಾರ ಮಧ್ಯಾಹ್ನದೊಳಗೆ ಸಾಮಾನು, ಭಾನುವಾರ ಹನ್ನೊಂದಕ್ಕೆ ಸಹಪಾಠಿಯೊಬ್ಬಳ ಜೊತೆ ಅಡುಗೆ ಎಂದು ಗೊತ್ತುಮಾಡಿಕೊಂಡ ಮೇಲೆ ಮುಂದಿನೆರಡು ಭಾನುವಾರ ದಾಟಿದವು.

ನವೆಂಬರ್ ಬಾಡಿಗೆಗೆ ಮೂಲ ಬಾಡಿಗೆದಾರ ಹತ್ತು ದಿನ ಸಮಯ ಕೊಟ್ಟ, ಇಮೇಲ್‌ನಲ್ಲಿ ಕೇಳಿದ್ದಕ್ಕೆ. ಮೊದಲ 992 ಯೂರೋ ನವೆಂಬರ್ 7ಕ್ಕೆ ಬಿತ್ತು. ನಾಲ್ಕನೇ ಭೇಟಿಯ ಹೊತ್ತಿಗೆ ಪಿಎಚ್‌ಕ್ಯೂ ಅಂಕ 6. ಒಂಟಿತನ ಹೋಗಿಲ್ಲ, ಸ್ಟುಡಿಯೆರೆಂಡನ್‌ವೆರ್ಕ್‌ನ ಸಲಹೆಗಾರರನ್ನು ಎರಡು ವಾರಕ್ಕೊಮ್ಮೆ ಕಾಣುತ್ತಿದ್ದಾಳೆ.

ಅಂದ ಹಾಗೆ, ಹೆಸರು ಅಂಟಿಸಿದ ಮೇಲೆ ಆ ಡಬ್ಬಿಗೆ ಬಂದ ಮೊದಲ ಪತ್ರ ಬ್ಯಾಂಕಿನದ್ದಲ್ಲ. ಟಿವಿ-ರೇಡಿಯೊ ಶುಲ್ಕ ತಿಂಗಳಿಗೆ 18.36 ಯೂರೋ ಕಟ್ಟಿ ಎಂಬ ನೋಟಿಸು. ಟಿವಿಯೇ ಇಲ್ಲವಲ್ಲ ಎಂದು ಗಾಬರಿಯಾಗಿ ಅದರ ಫೋಟೊ ಕಳಿಸಿದ್ದಳು. ಟಿವಿ ಇಲ್ಲದಿದ್ದರೂ ಕಟ್ಟಬೇಕು, ಆದರೆ ಮನೆಗೆ ಒಂದೇ ಶುಲ್ಕ. ಮೂಲ ಬಾಡಿಗೆದಾರ ಈಗಾಗಲೇ ಕಟ್ಟುತ್ತಿದ್ದರೆ ಅವನ ಶುಲ್ಕ ಸಂಖ್ಯೆಯನ್ನು ಉತ್ತರದಲ್ಲಿ ಬರೆದರೆ ಸಾಕು. ಈ ಸಲ ಬಾಗಿಲು ತಟ್ಟಿ ಅವನನ್ನು ಅವಳೇ ಕೇಳಿದಳು.