ಒಂದು ರಾಜ್ಯದ ಬ್ಯಾಂಕ್ ವಿಲೀನ ಕಾನೂನು ಇನ್ನೊಂದು ರಾಜ್ಯದಲ್ಲಿ ನಡೆಯುತ್ತದೆಯೇ?

ಪ್ರಶ್ನೆ: 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ಕರ್ನಾಟಕದ ಕಾನೂನೋ ಗುಜರಾತಿನ ಕಾನೂನೋ ಎಂಬ ಮಾತೇ ಬರಲಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಬ್ಯಾಂಕಿಂಗ್ ಕಾನೂನು ಇದೆಯೆಂದು ಅಲ್ಲಿರುವ ನನ್ನ ಮಗಳು ಹೇಳುತ್ತಾಳೆ. ಎರಡು ರಾಜ್ಯಗಳ ಬ್ಯಾಂಕುಗಳು ಒಂದಾದರೆ ಅಲ್ಲಿ ಯಾವ ರಾಜ್ಯದ ಕಾನೂನು ನಡೆಯುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಮ್ಮ ಸಂವಿಧಾನದಲ್ಲಿ ಬ್ಯಾಂಕಿಂಗ್ ಕೇಂದ್ರ ಪಟ್ಟಿಯ ವಿಷಯವಾದ್ದರಿಂದ ಇಲ್ಲಿ ಆ ಮಾತು ಬರಲಿಲ್ಲ. ಅಮೆರಿಕದಲ್ಲಿ ಬ್ಯಾಂಕು ಒಕ್ಕೂಟ ಸರ್ಕಾರದಿಂದ ಚಾರ್ಟರ್ (ಬ್ಯಾಂಕಾಗಿ ನಡೆಯಲು ಬೇಕಾದ ಪರವಾನಗಿ) ಪಡೆಯಬಹುದು, ರಾಜ್ಯದಿಂದಲೂ ಪಡೆಯಬಹುದು. ರಾಜ್ಯದ ಚಾರ್ಟರ್ ಇರುವ ಬ್ಯಾಂಕು ವಿಲೀನಕ್ಕೆ ಹೊರಟಾಗ ಷೇರುದಾರರ ಒಪ್ಪಿಗೆಯನ್ನು ಹೇಗೆ ಪಡೆಯಬೇಕೆಂಬುದನ್ನು ಅದರ ತವರು ರಾಜ್ಯದ ಕಾನೂನೇ ಹೇಳುತ್ತದೆ. ಎದುರಿನ ಬ್ಯಾಂಕಿನ ರಾಜ್ಯದ ಕಾನೂನು ಆ ಜಾಗಕ್ಕೆ ಬಂದು ಕೂರುವುದಿಲ್ಲ.

ಗಡಿ ದಾಟಬಹುದೇ ಎಂಬುದು ಬೇರೆಯೇ ಪ್ರಶ್ನೆ, ಜಗಳವೆಲ್ಲ ನಡೆದದ್ದು ಅದರ ಸುತ್ತ. 1956ರ ಒಕ್ಕೂಟ ಕಾನೂನಿನ ಡಗ್ಲಾಸ್ ತಿದ್ದುಪಡಿಯ ಪ್ರಕಾರ, ಬ್ಯಾಂಕಿರುವ ರಾಜ್ಯವು ತನ್ನ ಕಾನೂನಿನಲ್ಲಿ ಸ್ಪಷ್ಟವಾಗಿ ಒಪ್ಪಿದ್ದರೆ ಮಾತ್ರ ಹೊರರಾಜ್ಯದ ಹೋಲ್ಡಿಂಗ್ ಕಂಪನಿ (ಬ್ಯಾಂಕುಗಳ ಒಡೆತನ ಹೊಂದಿರುವ ಕಂಪನಿ) ಅದನ್ನು ಕೊಳ್ಳಬಹುದಿತ್ತು. ನೀವು ನಮಗೆ ಬಾಗಿಲು ತೆರೆದರೆ ನಾವೂ ತೆರೆಯುತ್ತೇವೆಂದು 1975ರಲ್ಲಿ ಮೇಯ್ನ್ ರಾಜ್ಯ ಕಾನೂನು ಮಾಡಿತಾದರೂ ಕೆಲವು ವರ್ಷ ಯಾರೂ ಓಗೊಡಲಿಲ್ಲ. ಮುಂದೆ ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್ ರಾಜ್ಯಗಳು ನ್ಯೂ ಇಂಗ್ಲೆಂಡ್ ಎಂಬ ಈಶಾನ್ಯ ಭಾಗದ ನೆರೆಯ ರಾಜ್ಯಗಳವರಿಗಷ್ಟೇ ಅವಕಾಶ ಕೊಟ್ಟು ನ್ಯೂಯಾರ್ಕಿನ ದೊಡ್ಡ ಬ್ಯಾಂಕುಗಳನ್ನು ಹೊರಗಿಟ್ಟಾಗ ಸಿಟಿಕಾರ್ಪ್ ಮತ್ತಿತರರು ಸುಪ್ರೀಂ ಕೋರ್ಟಿನವರೆಗೂ ಹೋದರು. ಈ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿರುವುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಎಂದು 1985ರಲ್ಲಿ ನ್ಯಾಯಾಲಯ ಆ ಕಾನೂನುಗಳನ್ನು ಎತ್ತಿಹಿಡಿಯಿತು.

ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು 1994ರ ರೀಗಲ್–ನೀಲ್ ಕಾಯ್ದೆ. 1997ರ ಜೂನ್ 1ರಿಂದ ರಾಜ್ಯಗಳ ಗಡಿ ದಾಟಿ ವಿಲೀನವಾಗಲು ಅದು ಅನುವು ಮಾಡಿಕೊಟ್ಟಿತು; ಅದಕ್ಕೆ ಮುನ್ನ ಹೊರಗುಳಿಯಲು ರಾಜ್ಯಗಳಿಗೆ ಅವಕಾಶವಿತ್ತು, ಟೆಕ್ಸಸ್ ಮತ್ತು ಮೊಂಟಾನಾ ಹಾಗೆಯೇ ಮಾಡಿದವು. ಹೊರಗುಳಿದ ರಾಜ್ಯದ ಬ್ಯಾಂಕುಗಳೂ ಬೇರೆಡೆ ಹೋಗಿ ವಿಲೀನವಾಗುವಂತಿರಲಿಲ್ಲ, ಇದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಹೊರರಾಜ್ಯದವರ ಪಾಲಾಗುವ ಮುನ್ನ ತನ್ನ ನೆಲದ ಬ್ಯಾಂಕಿಗೆ ಇಂತಿಷ್ಟು ವರ್ಷ ತುಂಬಿರಲೇಬೇಕೆಂದು, ಆದರೆ 5 ವರ್ಷ ಮೀರದಂತೆ, ವಿಧಿಸುವ ಹಕ್ಕು ಮಾತ್ರ ರಾಜ್ಯಗಳಲ್ಲೇ ಉಳಿಯಿತು.

ನೀವು ಕೇಳಿದ್ದಕ್ಕೆ ತೀರ ಹತ್ತಿರವಾದದ್ದು ವಿಲೀನದ ನಂತರದ ಸ್ಥಿತಿ. 1997ರ ತಿದ್ದುಪಡಿಯ ಪ್ರಕಾರ, ಹೊರರಾಜ್ಯದ ಚಾರ್ಟರ್ ಇರುವ ಬ್ಯಾಂಕಿನ ಶಾಖೆಗೆ ಸ್ಥಳೀಯ ರಾಜ್ಯದ ಗ್ರಾಹಕ ರಕ್ಷಣೆ, ಸಾಲ ನೀಡಿಕೆಯಲ್ಲಿ ತಾರತಮ್ಯ ನಿಷೇಧ ಮುಂತಾದ ಕಾನೂನುಗಳು ಅನ್ವಯವಾಗುವುದು ಅವು ಹೊರರಾಜ್ಯದ ನ್ಯಾಷನಲ್ ಬ್ಯಾಂಕಿನ (ಒಕ್ಕೂಟದ ಚಾರ್ಟರ್ ಇರುವ ಬ್ಯಾಂಕಿನ) ಶಾಖೆಗೆ ಎಷ್ಟು ಅನ್ವಯವಾಗುತ್ತವೆಯೋ ಅಷ್ಟೇ. ಸ್ಥಳೀಯ ಕಾನೂನು ಹೀಗೆ ಅನ್ವಯವಾಗದ ಕಡೆ ಆ ಶಾಖೆಗೆ ತವರು ರಾಜ್ಯದ ಕಾನೂನು ಅನ್ವಯವಾಗುತ್ತದೆ. ಒಂದು ರಾಜ್ಯದ ಕಾನೂನು ಇನ್ನೊಂದರ ನೆಲದಲ್ಲಿ ನಡೆಯುವುದು ಹೀಗೆ, ಅದೂ ಒಕ್ಕೂಟ ಕಾನೂನಿನ ಬಲದಿಂದ.

ನಿಮ್ಮ ಮಗಳ ಬ್ಯಾಂಕಿನ ಹೆಸರಿನ ಕೊನೆಯಲ್ಲಿ ‘ಎನ್.ಎ.’ ಎಂದಿದ್ದರೆ ಅದರ ಚಾರ್ಟರ್ ಒಕ್ಕೂಟ ಸರ್ಕಾರದ್ದು, ಅದರ ವಿಲೀನಕ್ಕೆ ಷೇರುದಾರರ ಒಪ್ಪಿಗೆ ಪಡೆಯುವ ಕ್ರಮವೂ ಒಕ್ಕೂಟದ ಕಾನೂನಿನಲ್ಲೇ ಇದೆ.