ಸಂಶೋಧನಾ ಲೇಖನಗಳ ಜರ್ನಲ್ ಎಲ್ಲರಿಗೂ ಫ್ರೀ ಆಗಿಬಿಟ್ಟರೆ ಅದನ್ನು ಹೊರತರುವ ವಿಜ್ಞಾನ ಸೊಸೈಟಿಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಹೆಚ್ಚಾಗಿ ಬರೆದವರಿಂದ, ಇಲ್ಲವೇ ಅವರ ಸಂಸ್ಥೆಯಿಂದ. ಮೊದಲು ಲೈಬ್ರರಿಗಳು ಕಟ್ಟುತ್ತಿದ್ದ ಚಂದಾದಲ್ಲೇ ಸೊಸೈಟಿಗಳು ಸಮ್ಮೇಳನ, ವಿದ್ಯಾರ್ಥಿಗಳಿಗೆ ನೆರವು ಎಲ್ಲ ನಡೆಸುತ್ತಿದ್ದವು. ಲಂಡನ್ನಿನ ಖಗೋಳ ವಿಜ್ಞಾನದ ಸಂಘ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯನ್ನೇ ನೋಡಿ. 1827ರಿಂದ ಬರುತ್ತಿರುವ ಅದರ 'ಮಂತ್ಲಿ ನೋಟಿಸಸ್' ಜರ್ನಲ್ 2024ರ ಜನವರಿಯಿಂದ ಪೂರ್ತಿ ಓಪನ್ ಆಕ್ಸೆಸ್. ಓದುವವರಿಗೆ ಫ್ರೀ, ಬರೆಯುವವರಿಗೆ ಶುಲ್ಕ.

ಇಲ್ಲಿ ಪುಣೆಯಲ್ಲಿ ನನ್ನ ಜೊತೆ ರೂಮಿನಲ್ಲಿರುವ ಧಾರವಾಡದ ಹುಡುಗಿ ಖಗೋಳದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಒಂದು ಜರ್ನಲ್‌ನಿಂದ ಲೇಖನ ಒಪ್ಪಿಗೆಯಾಯಿತು ಅಂತ ಮೇಲ್ ಬಂದಾಗ ಕುಣಿದಾಡಿದವಳು, ಕೆಳಗಿದ್ದ ಶುಲ್ಕದ ಸಾಲು ಓದಿ ಮೊಬೈಲ್ ಪಕ್ಕಕ್ಕಿಟ್ಟು ಸುಮ್ನೆ ಕೂತುಬಿಟ್ಟಳು. ತಿಂಗಳ ಫೆಲೋಶಿಪ್‌ಗಿಂತ ಎಷ್ಟೋ ಜಾಸ್ತಿ ಅದು! ವಿನಾಯಿತಿ ಕೇಳಬಹುದು, ಆದರೆ ಒಳ್ಳೆ ಕೆಲಸ ಮಾಡಿದವರು ಬೇಡಬೇಕಾ?

ನನಗೆ ಸರಿ ಅನ್ನಿಸುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ದಾರಿ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಈ ಸಂಸ್ಥೆ ಭೌತಶಾಸ್ತ್ರದ 'ಪ್ರಮಾಣ'ದಂಥ ತನ್ನ ಜರ್ನಲ್‌ಗಳ ಲೇಖನಗಳನ್ನು ತನ್ನ ವೆಬ್‌ಸೈಟಿನಲ್ಲೇ ಓದಲು ಇಟ್ಟಿದೆ.